ಮೂಗು ಬೇರೆ, ಮೈ ಬೇರೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಫೈಬರ್ ವರ್ಕ್‌ಶಾಪ್. ಹೋದ ವರ್ಷ ಒಂದು ಶಾಲೆಯವರು ವಿಜ್ಞಾನ ಮೇಳಕ್ಕೆ ವಂದೇ ಭಾರತ್ ರೈಲಿನ ಮುಂಭಾಗ ಮಾಡಿಕೊಡಿ ಅಂದರು. ಎಂಟು ಅಡಿ ಉದ್ದದ್ದು.

ಮೊದಲ ಸಲ ಮೂಗು, ಮೈ ಎಲ್ಲ ಒಂದೇ ಮೋಲ್ಡ್‌ನಲ್ಲಿ ತೆಗೆದೆ. ಎಲ್ಲೂ ಜೋಡಣೆ ಗೆರೆ ಕಾಣಬಾರದು ಅನ್ನೋದೇ ತಲೆಯಲ್ಲಿತ್ತು. ನೋಡೋಕೆ ಬಹಳ ಚೆನ್ನಾಗಿ ಬಂತು. ಹೊರಗೆ ತರುವಾಗ ಮೂಗು ಬಾಗಿಲ ಚೌಕಟ್ಟಿಗೆ ತಗುಲಿತು. ಬಿರುಕು ಅಲ್ಲಿಗೇ ನಿಲ್ಲಲಿಲ್ಲ, ಕಿಟಕಿ ಮೂಲೆವರೆಗೂ ಓಡಿತು. ಹತ್ತು ದಿನದ ಕೆಲಸ ಹೋಯಿತು.

ಮರುದಿನ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಸ್ಟೇಷನ್ನಿಗೆ ಹೋದೆ. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ನಡುವೆ ಶುರುವಾದ ವಂದೇ ಭಾರತ್ ನಮ್ಮೂರಲ್ಲಿ ನಿಲ್ಲುತ್ತದೆ, ಅಲ್ವಾ? ಎರಡು ತುದಿಗೂ ಒಂದೇ ಥರದ ಮೂಗು. ನಾನು ಹಿಂದಿನ ತುದಿಯ ಹತ್ತಿರ ನಿಂತೆ. ಫೋಟೋದಲ್ಲಿ ನುಣ್ಣಗೆ ಕಾಣುತ್ತಿದ್ದ ಮೂಗಿನ ಸುತ್ತ ಸ್ಪಷ್ಟವಾಗಿ ಗೆರೆ ಇತ್ತು. ಅದು ಬಿಚ್ಚುವ ಮುಚ್ಚಳ. ರೈಲು ಕೆಟ್ಟು ನಿಂತರೆ ಬೇರೆ ಎಂಜಿನ್ ಕಟ್ಟಬೇಕಲ್ಲ, ಅದಕ್ಕೆ ಬೇಕಾದ ಕೊಂಡಿ, ಅಂದರೆ ಕಪ್ಲರ್, ಈ ಮುಚ್ಚಳದ ಹಿಂದೆಯೇ ಇರುತ್ತದೆ.

2022ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ಹತ್ತಿರ ಎಮ್ಮೆಗಳಿಗೆ ಬಡಿದು ಇನ್ನೊಂದು ವಂದೇ ಭಾರತ್ ರೈಲಿನ ಮೂಗು ಕಿತ್ತುಹೋಗಿತ್ತು. 'ಇದೆಂಥ ರೈಲು' ಅಂತ ಊರೆಲ್ಲ ಆಡಿಕೊಂಡಿತು. ನಾನೂ ಹಾಗೇ ಅಂದುಕೊಂಡಿದ್ದೆ. ಫೈಬರ್ ಕೆಲಸದವನಾಗಿ ನನಗಾದರೂ ಹೊಳೆಯಬೇಕಿತ್ತು. ಭಾರ ಹೊರೋದು ಹಿಂದಿನ ಉಕ್ಕು. ಮುಂದಿರೋದು ಗಾಳಿ ಸೀಳೋಕೆ, ಅಂದಕ್ಕೆ, ಪೆಟ್ಟು ಬಿದ್ದರೆ ತಾನು ಮೊದಲು ಒಡೆಯೋಕೆ. ಒಂದೇ ದಿನದಲ್ಲಿ ಹೊಸ ಮೂಗು ಹಾಕಿ ರೈಲು ಓಡಿಸಿದರು.

ಎರಡನೇ ಸಲ ಒಂದು ಇಂಚಿನ ಚೌಕ ಪೈಪಿನಲ್ಲಿ ಫ್ರೇಮ್ ಬೆಸುಗೆ ಹಾಕಿಸಿದೆ. ಮೈಗೆ ನಾಲ್ಕು ಪದರ ಮ್ಯಾಟ್ (ಗಾಜಿನ ನಾರಿನ ಹಾಳೆ), ಮೂಗಿಗೆ ಎರಡೇ. ಮೂಗನ್ನು ಒಳಗಿನಿಂದ ನಾಲ್ಕು ಬೋಲ್ಟ್‌ಗೆ ಕೂರಿಸಿದೆ. ನಡುವೆ ಮೂರು ಮಿಲಿಮೀಟರ್ ಸಂದು ಉಳಿಯಿತು.

"ಅಣ್ಣ, ಪುಟ್ಟಿ ತುಂಬಿಬಿಡಲಾ?" ಅಂದ ಹುಡುಗ.

"ಬ್ಯಾಡಪ್ಪ, ಕಾಣಲಿ ಬಿಡು."

ಆದರೆ ಸಂದು ಸುಮ್ನೆ ಬಿಟ್ಟರೆ ಗಾಯದ ಥರ ಕಾಣುತ್ತದೆ. ಅರ್ಧ ದಿನ ಅದಕ್ಕೇ ಹೋಯಿತು. ಕೊನೆಗೆ ನೀಲಿ ಪಟ್ಟೆಯನ್ನು ಸರಿಯಾಗಿ ಸಂದಿನ ಅಂಚಿಗೆ ತಂದು ನಿಲ್ಲಿಸಿದೆ. ಈಗ ಗೆರೆ ಬೇಕಂತಲೇ ಎಳೆದ ಹಾಗಿತ್ತು. ಕಿಟಕಿಗೂ ಅದೇ ಉಪಾಯ. ನಡುವಿನ ಕಂಬಗಳ ಮೇಲೆ ಕಪ್ಪು ಬಳಿದೆ, ಉದ್ದಕ್ಕೂ ಒಂದೇ ಗಾಜಿನಂತೆ ಕಂಡಿತು. ಕಂಬ ಒಂದೂ ತೆಗೆಯಲಿಲ್ಲ.

ಮೇಳದ ಎರಡನೇ ದಿನ ಮಕ್ಕಳು ಒರಗಿ ಒರಗಿ ಮೂಗಿನ ತುದಿ ಸೀಳಿತು. ಸ್ಪ್ಯಾನರ್ ಹಿಡಿದು ಹೋದೆ. ಇನ್ನೊಂದು ಮೂಗು ಮೊದಲೇ ಮಾಡಿಟ್ಟಿದ್ದೆ. ಹದಿನೈದು ನಿಮಿಷದ ಕೆಲಸ. ಒಡೆದ ಮೂಗು ಈಗಲೂ ವರ್ಕ್‌ಶಾಪಿನ ಗೋಡೆ ಮೇಲಿದೆ, ಹೊಸ ಹುಡುಗರಿಗೆ ತೋರಿಸುತ್ತೇನೆ.