ದೋಣಿಯ ಸಾಫ್ಟ್‌ವೇರ್‌ಗೆ ಚಾರ್ಟ್ ಬೇಕಾ? ದುಡ್ಡು ಕೊಡುವ ಮುಂಚೆ ಇದನ್ನು ನೋಡಿ

ದೋಣಿಗೆ ದಾರಿ ತೋರಿಸುವ ಓಪನ್‌ಸಿಪಿಎನ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡ ಎಲ್ಲರಿಗೂ ಮೊದಲ ದಿನ ಒಂದೇ ನಿರಾಸೆ. ಸಾಫ್ಟ್‌ವೇರ್ ಏನೋ ಫ್ರೀ, ಆದರೆ ತೆರೆದು ನೋಡಿದರೆ ದಡದ ಒರಟು ಗೆರೆ ಬಿಟ್ಟು ಏನೂ ಇಲ್ಲ. ಆಳ ಇಲ್ಲ, ಬಂಡೆ ಇಲ್ಲ, ದಾರಿ ಗುರುತಿಗೆ ತೇಲಿಬಿಡುವ ಬೋಯಾ ಇಲ್ಲ. ಚಾರ್ಟ್, ಅಂದರೆ ಇದನ್ನೆಲ್ಲ ತೋರಿಸುವ ಸಮುದ್ರದ ನಕಾಶೆ, ನಾವೇ ತಂದು ಹಾಕಬೇಕು, ಖರ್ಚು ಇರುವುದೂ ಅಲ್ಲೇ.

ಮೊದಲು ಒಂದು ವಿಷಯ ತಿಳಿದಿರಲಿ. ಸಮುದ್ರದ ಆಳ ಅಳೆಯುವುದು ಬಹುತೇಕ ಎಲ್ಲ ಕಡೆ ಆಯಾ ದೇಶದ ಸರ್ಕಾರಿ ಸಂಸ್ಥೆ ಅಥವಾ ನೌಕಾಪಡೆ. ಕಂಪನಿಗಳು ಮಾರುವ ಚಾರ್ಟ್‌ಗಳಲ್ಲೂ ಮೂಲ ಮಾಹಿತಿ ಹೆಚ್ಚಾಗಿ ಅದೇ. ಒಂದೇ ಡೈರಿಯ ಹಾಲು ಬೇರೆ ಬೇರೆ ಪ್ಯಾಕೆಟ್‌ನಲ್ಲಿ ಬಂದ ಹಾಗೆ. ಅದಕ್ಕೇ ಹುಡುಕಾಟ ಶುರು ಮಾಡಬೇಕಾದ್ದು ಅಂಗಡಿಯಿಂದಲ್ಲ, ಆ ನೀರನ್ನು ಅಳೆದವರು ಯಾರು, ಅವರು ಅದನ್ನು ಪುಕ್ಕಟೆ ಕೊಡುತ್ತಾರಾ ಅನ್ನುವುದರಿಂದ.

ಈ ವಿಷಯದಲ್ಲಿ ಅಮೆರಿಕದಲ್ಲಿ ಇರುವವರು ಪುಣ್ಯವಂತರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲೋ ಸಿಯಾಟಲ್ ಕಡೆಯೋ ಸಣ್ಣ ಹಾಯಿದೋಣಿ ಇಟ್ಟುಕೊಂಡಿದ್ದರೆ ಒಂದು ಪೈಸೆ ಖರ್ಚಿಲ್ಲ. ಅಲ್ಲಿನ ಸರ್ಕಾರಿ ಸಂಸ್ಥೆ ನೋವಾ ತನ್ನ ಇಎನ್‌ಸಿ, ಅಂದರೆ ಅಧಿಕೃತ ಎಲೆಕ್ಟ್ರಾನಿಕ್ ಚಾರ್ಟ್‌ಗಳನ್ನೆಲ್ಲ ಉಚಿತವಾಗಿ ಕೊಡುತ್ತದೆ. ರಾಜ್ಯವಾರು ಜಿಪ್ ಸಿಗುತ್ತದೆ, ಕೋಸ್ಟ್ ಗಾರ್ಡ್ ಜಿಲ್ಲೆವಾರು ಸಿಗುತ್ತದೆ, ಬೇಕಾದ ಒಂದೊಂದೇ ಚಾರ್ಟ್ ಕೂಡ ಸಿಗುತ್ತದೆ. ಹಳೆಯ ಬ್ಲಾಗ್‌ಗಳಲ್ಲಿ 'ಆರ್‌ಎನ್‌ಸಿ ಇಳಿಸಿಕೊಳ್ಳಿ' ಅಂತ ಬರೆದಿರುತ್ತಾರೆ, ಅದರ ಹಿಂದೆ ಹೋಗಬೇಡಿ. ಅವು ಕಾಗದದ ಚಾರ್ಟಿನ ಸ್ಕ್ಯಾನ್ ಚಿತ್ರದಂಥವು. ಅವನ್ನು ನಿಲ್ಲಿಸುತ್ತೇವೆ ಅಂತ ನೋವಾ 2019ರಲ್ಲೇ ಹೇಳಿತ್ತು, 2025ರ ಜನವರಿ ಹೊತ್ತಿಗೆ ನಿಲ್ಲಿಸಿಯೂ ಆಯಿತು. ಈಗ ಇರುವುದು ಇಎನ್‌ಸಿ ಮಾತ್ರ.

ಜಿಪ್ ಬಿಚ್ಚಿದರೆ ಇಎನ್‌ಸಿ_ರೂಟ್ ಅನ್ನುವ ಫೋಲ್ಡರ್, ಅದರೊಳಗೆ ಯುಎಸ್5 ಅಂತಲೋ ಯುಎಸ್3 ಅಂತಲೋ ಶುರುವಾಗುವ ಹೆಸರಿನ ಚಿಕ್ಕ ಫೋಲ್ಡರ್‌ಗಳು ಕಾಣುತ್ತವೆ. ಆ ಅಂಕಿಯನ್ನು ಗಮನಿಸಿ. 1 ಅಂದರೆ ಇಡೀ ಸಾಗರದ ಮೇಲ್ನೋಟ, 3 ಕರಾವಳಿ, 4 ಬಂದರಿಗೆ ಹತ್ತಿರವಾಗುವಾಗ, 5 ಬಂದರು, 6 ದೋಣಿ ಕಟ್ಟಿ ನಿಲ್ಲಿಸುವ ಜಾಗ. ನೀವು ಕೊಲ್ಲಿಯೊಳಗೆ ಸುತ್ತುವವರಾದರೆ 5 ಇರಲೇಬೇಕು. ಅದು ಇಲ್ಲದೆ 3ನ್ನೇ ಹಿಗ್ಗಿಸಿ ನೋಡಿದರೆ ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತದೆ, ಆದರೆ ಸಣ್ಣ ಬಂಡೆಗಳು ಆ ಚಾರ್ಟಿನಲ್ಲಿ ಇರುವುದೇ ಇಲ್ಲ.

ಹಾಕುವುದು ಸುಲಭ. ಓಪನ್‌ಸಿಪಿಎನ್‌ನಲ್ಲಿ ಆಪ್ಷನ್ಸ್ ತೆರೆದು ಚಾರ್ಟ್ಸ್, ಅಲ್ಲಿ ಚಾರ್ಟ್ ಫೈಲ್ಸ್, ಆಮೇಲೆ ಆಡ್ ಡೈರೆಕ್ಟರಿ ಒತ್ತಿ ಆ ಫೋಲ್ಡರ್ ತೋರಿಸಿ. ಮೊದಲ ಸಲ ಪ್ರತಿ ಚಾರ್ಟನ್ನೂ ಅದು ತನ್ನ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಹಳೇ ಲ್ಯಾಪ್‌ಟಾಪ್ ಆದರೆ ಒಂದು ಕಾಫಿ ಕುಡಿದು ಬನ್ನಿ, ಹ್ಯಾಂಗ್ ಆಯಿತು ಅಂತ ಮುಚ್ಚಿಬಿಡಬೇಡಿ. ಅದಾದ ಮೇಲೆ ಸೇಫ್ಟಿ ಡೆಪ್ತ್ ಅನ್ನುವುದನ್ನು ನಿಮ್ಮ ದೋಣಿ ನೀರಿನೊಳಗೆ ಎಷ್ಟು ಇಳಿಯುತ್ತದೋ ಅದಕ್ಕಿಂತ ಜಾಸ್ತಿ ಇಡಿ. ಅಪ್‌ಡೇಟ್ ಮಾಡಲು ಚಾರ್ಟ್ ಡೌನ್‌ಲೋಡರ್ ಅನ್ನುವ ಪ್ಲಗಿನ್ ಇದೆ, ಅದನ್ನೇ ಬಳಸಿ. ಕೈಯಲ್ಲಿ ಒಂದೊಂದೇ ಫೈಲ್ ಬದಲಿಸುತ್ತಾ ಕೂರುವುದು ಸುಮ್ನೆ ಟೈಮ್ ವೇಸ್ಟ್.

ಬೇರೆ ದೇಶಗಳ ಕಥೆ ಬೇರೆ. ನ್ಯೂಜಿಲೆಂಡ್ ತನ್ನ ರಾಸ್ಟರ್, ಅಂದರೆ ಕಾಗದದ ಚಾರ್ಟಿನ ಚಿತ್ರದಂಥ, ಚಾರ್ಟ್‌ಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಡುತ್ತದೆ, ಬ್ರೆಜಿಲ್ ನೌಕಾಪಡೆಯೂ ಹಾಗೇ. ಯುರೋಪಿನ ಬಹಳಷ್ಟು ಕಡೆ ದುಡ್ಡು ಕೊಡಲೇಬೇಕು. ಅಲ್ಲಿ ನನ್ನ ಮೊದಲ ಆಯ್ಕೆ ಓ-ಚಾರ್ಟ್ಸ್. ಸರ್ಕಾರಿ ಮಾಹಿತಿಯನ್ನೇ ಓಪನ್‌ಸಿಪಿಎನ್‌ಗೆ ಒಗ್ಗುವ ಹಾಗೆ ಮಾಡಿ, ದೇಶವಾರು ಕಟ್ಟು ಕಟ್ಟಿ ಮಾರುತ್ತಾರೆ. ಹಡಗಿನವರು ಕೊಡುವ ಬೆಲೆಗೆ ಹೋಲಿಸಿದರೆ ಇದು ತೀರಾ ಕಡಿಮೆ. ಒಂದು ಕಟ್ಟನ್ನು ಎರಡು ಕಂಪ್ಯೂಟರ್‌ಗಳಿಗೆ ಹಾಕಿಕೊಳ್ಳಬಹುದು. ಲ್ಯಾಪ್‌ಟಾಪ್ ಆಗಾಗ ಬದಲಿಸುವವರು ಅವರ ಯುಎಸ್‌ಬಿ ಡಾಂಗಲ್ ತಗೊಂಡರೆ ಒಳ್ಳೆಯದು, ಲೈಸೆನ್ಸ್ ಯಂತ್ರಕ್ಕಲ್ಲ, ಡಾಂಗಲ್‌ಗೆ ಅಂಟಿಕೊಂಡಿರುತ್ತದೆ. ಅಪ್‌ಡೇಟ್ ಎಷ್ಟು ದಿನ, ಆಮೇಲೆ ಚಾರ್ಟ್ ತೆರೆಯುತ್ತದಾ ಇಲ್ಲವಾ ಅನ್ನುವುದನ್ನು ಕೊಳ್ಳುವ ಪುಟದಲ್ಲೇ ಓದಿಕೊಳ್ಳಿ.

ನಾವಿಯಾನಿಕ್ಸ್, ಸಿ-ಮ್ಯಾಪ್ ಅನ್ನುವ ಖಾಸಗಿ ಕಂಪನಿಗಳ ಚಾರ್ಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಫೋನಿನಲ್ಲಿ ನೋಡಲು ಚೆಂದವೇ. ಆದರೆ ವರ್ಷ ವರ್ಷ ಚಂದಾ ಕಟ್ಟಬೇಕು, ನಾವಿಯಾನಿಕ್ಸ್‌ಗೆ ಕೊಂಡ ಚಾರ್ಟನ್ನು ಓಪನ್‌ಸಿಪಿಎನ್‌ಗೆ ಹಾಕಲೂ ಆಗುವುದಿಲ್ಲ. ಯಾವ ಆ್ಯಪ್‌ನಲ್ಲಿ ಬಳಸುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ ಆಮೇಲೆ ಕೊಳ್ಳಿ.

ನಮ್ಮ ಕರಾವಳಿಯ ವಿಷಯಕ್ಕೆ ಬಂದರೆ, ಭಾರತದ ಸಮುದ್ರದ ಅಧಿಕೃತ ಚಾರ್ಟ್ ಮಾಡುವುದು ಡೆಹ್ರಾಡೂನ್‌ನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿ. ನೋವಾದ ಹಾಗೆ ಇಡೀ ಕರಾವಳಿಯ ಜಿಪ್ ಪುಕ್ಕಟೆ ಸಿಗುತ್ತದೆ ಅಂದುಕೊಳ್ಳಬೇಡಿ. ಖಾಸಗಿ ಕಂಪನಿಯ ಚಾರ್ಟ್ ಕೊಳ್ಳುವುದಾದರೆ ಮುಂಚೆ ಅದರ ಆನ್‌ಲೈನ್ ವೀಕ್ಷಕದಲ್ಲಿ ಮಲ್ಪೆ, ಗಂಗೊಳ್ಳಿ, ಹೊನ್ನಾವರಕ್ಕೆ ಜೂಮ್ ಮಾಡಿ ನೋಡಿ. ಬಂದರಿನೊಳಗೆ ಆಳದ ಅಂಕಿಗಳು ಒತ್ತೊತ್ತಾಗಿ ಇವೆಯಾ, ಇಲ್ಲ ಖಾಲಿ ನೀಲಿ ಬಣ್ಣವಾ? ಖಾಲಿ ಇದ್ದರೆ ದುಡ್ಡು ಉಳಿಯಿತು. ಇನ್ನು ಅಳಿವೆ ಬಾಗಿಲಿನ ಮರಳುದಿಣ್ಣೆ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಅದನ್ನು ಯಾವ ಚಾರ್ಟೂ ಹಿಡಿದಿಡುವುದಿಲ್ಲ. ಅಲ್ಲಿ ದಿನಾ ಹೋಗಿ ಬರುವ ತಾಂಡೇಲರ (ಮೀನುಗಾರಿಕೆ ದೋಣಿ ನಡೆಸುವವರ) ಜಿಪಿಎಸ್‌ನಲ್ಲಿ ಉಳಿಸಿಟ್ಟ ದಾರಿಯೇ ಗತಿ, ಕೇಳಿದರೆ ಕೊಡುವವರು ಇರುತ್ತಾರೆ.

ಓಪನ್‌ಸೀಮ್ಯಾಪ್ ಅನ್ನುವ ಉಚಿತ ನಕಾಶೆಯೂ ಇದೆ. ಸ್ವಯಂಸೇವಕರು ತುಂಬಿಸುವಂಥದ್ದು. ದೀಪ, ಬೋಯಾ ನೋಡಲು ಅಡ್ಡಿಯಿಲ್ಲ, ಆಳಕ್ಕೆ ಮಾತ್ರ ಅದನ್ನು ನಂಬಿ ಹೋಗಬೇಡಿ. ಇನ್ನು ಇಡೀ ಪ್ರಪಂಚದ ಚಾರ್ಟ್ ಒಂದೇ ಪೆನ್‌ಡ್ರೈವ್‌ನಲ್ಲಿ ಅಂತ ಯಾರಾದರೂ ಕೊಟ್ಟರೆ ಅದು ಬಹುತೇಕ ಸಿಎಂ93 ಅನ್ನುವ ಹಳೇ ಕಳ್ಳ ಪ್ರತಿ. ಕಾನೂನು ಒಂದು ಕಡೆ ಇರಲಿ, ಅಪ್‌ಡೇಟೇ ಇಲ್ಲದ ಚಾರ್ಟ್ ನಂಬಿ ರಾತ್ರಿ ಬಂದರಿಗೆ ನುಗ್ಗುವುದು ಬೇಕಾ ಹೇಳಿ?

ಅಧಿಕೃತ ಚಾರ್ಟ್ ಆದರೂ ಒಂದು ಪರೀಕ್ಷೆ ಮಾಡಿ. ಇಎನ್‌ಸಿಯಲ್ಲಿ ಕ್ಯಾಟ್‌ಝಾಕ್ ಅನ್ನುವ ಗುರುತು ಇರುತ್ತದೆ, ಅಂದರೆ ಆ ಜಾಗದ ಸರ್ವೆ ಎಷ್ಟು ನಂಬಿಕಸ್ತ ಅನ್ನುವ ಗ್ರೇಡ್. ಎ1 ಇದ್ದರೆ ತೋರಿಸಿದ ಜಾಗ 5 ಮೀಟರ್ ಆಚೀಚೆ. ಬಿ ಇದ್ದರೆ 50 ಮೀಟರ್. ಸಿ ಆದರೆ 500 ಮೀಟರ್, ಆಳದಲ್ಲೂ 2 ಮೀಟರ್ ಮೇಲೆ ಇನ್ನೂ 5 ಶೇಕಡಾ ತಪ್ಪಿರಬಹುದು. ಅಂದರೆ ಚಾರ್ಟಿನಲ್ಲಿ 4 ಮೀಟರ್ ಅಂತ ಇದ್ದರೆ ನಿಜಕ್ಕೂ 2 ಮೀಟರ್‌ಗಿಂತ ಕಡಿಮೆ ಇರಬಹುದು. ಜಿಪಿಎಸ್ ಎಷ್ಟೇ ಚುರುಕಾಗಿದ್ದರೂ ಇದು ಬದಲಾಗುವುದಿಲ್ಲ, ಎಷ್ಟೇ ದುಬಾರಿ ಪ್ಯಾಕೆಟ್ ಕೊಂಡರೂ ಬದಲಾಗುವುದಿಲ್ಲ.

ಕೊನೆಗೆ, ಅದೇ ಚಾರ್ಟ್‌ಗಳನ್ನು ಇನ್ನೊಂದು ಯಂತ್ರಕ್ಕೂ ಹಾಕಿಡಿ, ಹಳೇ ಆಂಡ್ರಾಯ್ಡ್ ಟ್ಯಾಬ್ ಆದರೂ ನಡೆಯುತ್ತದೆ. ಅಮೆರಿಕದಲ್ಲಿದ್ದರೆ ನೋವಾ ಕಸ್ಟಮ್ ಚಾರ್ಟ್‌ನಲ್ಲಿ ನಿಮಗೆ ಬೇಕಾದ ಜಾಗ, ಅಳತೆ ಆರಿಸಿ ಪಿಡಿಎಫ್ ಮಾಡಿಕೊಳ್ಳಬಹುದು, ಅದೂ ಪುಕ್ಕಟೆಯೇ, ಖರ್ಚೇನಿದ್ದರೂ ಪ್ರಿಂಟ್ ಹಾಕಿಸಲು.