ಎತ್ತರದ ಮಾತಿಗೆ ಮೊದಲು ಕುತ್ತಿಗೆಯ ಮಾತು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ಚಿಕಿತ್ಸಾಲಯಕ್ಕೆ ಅಕಾಂಡ್ರೊಪ್ಲೇಸಿಯಾ, ಅಂದರೆ ಕೈಕಾಲಿನ ಮೂಳೆಗಳು ಸಾಕಷ್ಟು ಉದ್ದ ಬೆಳೆಯದೆ ಕುಬ್ಜತೆ ಬರುವ ಹುಟ್ಟು ಸ್ಥಿತಿ, ಇರುವ ಮಗುವನ್ನು ಕರೆತಂದವರು ಮೊದಲು ಕೇಳುವುದು ಎತ್ತರದ ಬಗ್ಗೆ. ನಾನು ಮೊದಲು ಕೇಳುವುದು ಮಗು ನಿದ್ದೆಯಲ್ಲಿ ಹೇಗೆ ಉಸಿರಾಡುತ್ತದೆ ಎಂದು. ತಲೆಬುರುಡೆಯ ತಳದಲ್ಲಿ ಬೆನ್ನುಹುರಿ ಇಳಿದುಬರುವ ರಂಧ್ರವು ಈ ಮಕ್ಕಳಲ್ಲಿ ಕಿರಿದಾಗಿರುತ್ತದೆ, ಅಲ್ಲಿ ಒತ್ತಡ ಬಿದ್ದರೆ ನಿದ್ದೆಯಲ್ಲಿಯೇ ಉಸಿರು ನಿಲ್ಲಬಹುದು, ಮತ್ತು ಆ ಅಪಾಯ ಹೆಚ್ಚಿರುವುದು ಮೊದಲ ಒಂದೆರಡು ವರ್ಷಗಳಲ್ಲಿ. ಆದ್ದರಿಂದ ಶೈಶವದಲ್ಲಿಯೇ ನಿದ್ರಾ ಪರೀಕ್ಷೆಗೂ ಅಗತ್ಯವೆನಿಸಿದರೆ ಎಂಆರ್‌ಐಗೂ ಮಂಗಳೂರಿಗೆ ಕಳುಹಿಸುತ್ತೇನೆ. ಪ್ರತಿ ಭೇಟಿಯಲ್ಲಿ ಪಾದವನ್ನು ಥಟ್ಟನೆ ಮೇಲಕ್ಕೆ ಮಡಚಿ ಹಿಡಿದು ಅದು ತಾನಾಗಿ ಅದುರುತ್ತದೆಯೇ ಎಂದು ನೋಡುತ್ತೇನೆ; ಹಾಗೆ ಅದುರುವುದು ಬೆನ್ನುಹುರಿಯ ಮೇಲೆ ಒತ್ತಡವಿರುವುದರ ಸೂಚನೆಯಾಗಿರಬಹುದು. ತಲೆಯ ಸುತ್ತಳತೆಯನ್ನು ಈ ಮಕ್ಕಳಿಗೆಂದೇ ಇರುವ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸುತ್ತೇನೆ. ಸಾಮಾನ್ಯ ನಕ್ಷೆಯಲ್ಲಿ ಇವರ ತಲೆ ಯಾವಾಗಲೂ ದೊಡ್ಡದಾಗಿಯೇ ಕಂಡು, ಮನೆಯವರಿಗೆ ವೃಥಾ ಗಾಬರಿಯಾಗುತ್ತದೆ.

ನಮ್ಮ ಕಡೆ ಎಳೆಯ ಮಗುವಿನ ದೇಹ ಹೆಚ್ಚಾಗಿ ಇರುವುದು ಎಣ್ಣೆ ಹಚ್ಚಿ ಮೀಯಿಸುವ ಹಿರಿಯರ ಕೈಯಲ್ಲಿ. ಕೈಕಾಲು ಜಗ್ಗಿ ನೀವುವುದು, ಮಿಂದ ಮೇಲೆ ಮಗುವನ್ನು ತುಸು ಎತ್ತಿ ಹಾರಿಸಿ ಹಿಡಿಯುವುದು ಕೆಲವು ಮನೆಗಳಲ್ಲಿ ಈಗಲೂ ಇದೆ. "ನೀವಿದರೆ ಕಾಲು ಉದ್ದ ಬಾರದೇ ಡಾಕ್ಟ್ರೇ?" ಎಂದು ಅಜ್ಜಿಯೊಬ್ಬರು ಕೇಳಿದ್ದರು. ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಗೆ ಬೆಳವಣಿಗೆ ತಡೆಯುವ ಸಂದೇಶ ಒಂದು ವಂಶವಾಹಿಯಿಂದ ಅತಿಯಾಗಿ ಹೋಗುತ್ತಿರುತ್ತದೆ, ಅದನ್ನು ಕೈಯಿಂದ ಜಗ್ಗಿ ಸರಿಪಡಿಸಲಾಗದು ಎಂದು ವಿವರಿಸಿದೆ. ಎಣ್ಣೆಯನ್ನು ನಾನು ಬೇಡವೆನ್ನುವುದಿಲ್ಲ, ಬೇಡವೆಂದರೂ ಹಚ್ಚುತ್ತಾರೆ. ಅವರನ್ನೇ ಪರೀಕ್ಷಾ ಮೇಜಿನ ಬಳಿ ನಿಲ್ಲಿಸಿ, ಎಡ ಅಂಗೈ ಕುತ್ತಿಗೆಯ ಕೆಳಗೆ, ಬೆರಳುಗಳು ತಲೆಯ ಹಿಂಬದಿಗೆ ಬರುವಂತೆ ಹಿಡಿಸಿ, ಬಲಗೈಯಿಂದ ಮಾತ್ರ ಮೆಲ್ಲಗೆ ಸವರುವಂತೆ ಮಾಡಿಸುತ್ತೇನೆ. ತಾಯಿಗೆ ಮಾತ್ರ ಹೇಳಿ ಕಳುಹಿಸಿದರೆ ಅದು ಬಚ್ಚಲುಮನೆಯವರೆಗೆ ತಲುಪುವುದಿಲ್ಲ.

ಬೆನ್ನಿನ ವಿಷಯವೂ ಅಷ್ಟೇ ಮುಖ್ಯ. ಆರು ತಿಂಗಳಾಯಿತೆಂದು ಸುತ್ತ ದಿಂಬು ಇಟ್ಟು ಕೂರಿಸಿದರೆ, ಭಾರವಾದ ತಲೆ ಮತ್ತು ಸಡಿಲ ಸ್ನಾಯುಗಳ ಕಾರಣದಿಂದ ಬೆನ್ನು ಬಾಗಿ, ನಡುಬೆನ್ನಿನ ಕೆಳಗೆ ಗೂನು ಉಳಿದುಬಿಡಬಹುದು. ಮಗು ತಾನಾಗಿ ಕೂರುವವರೆಗೆ ಕೂರಿಸಬಾರದು. ಅದಕ್ಕೆ ವರ್ಷ ದಾಟಿದರೂ ಈ ಮಕ್ಕಳಲ್ಲಿ ಅದು ಸಹಜ, ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಸೀರೆಯ ಜೋಲಿಯಲ್ಲಿ ಬಹಳ ಹೊತ್ತು ಮಲಗಿಸುವುದಕ್ಕಿಂತ ಚಾಪೆಯ ಮೇಲೆ ಮಲಗಿಸುವುದು, ಎಚ್ಚರವಿದ್ದಾಗ ಕಣ್ಣೆದುರಿಗೇ ಕವುಚಿ ಬಿಡುವುದು ಒಳ್ಳೆಯದು.

ಮಾತು ತಡವಾದಾಗ ನಮ್ಮ ಊರಲ್ಲಿ ಸಿದ್ಧವಾದ ಕಾರಣವೊಂದಿದೆ: ಮನೆಯಲ್ಲಿ ತುಳು, ಹೊರಗೆ ಮಲಯಾಳ, ಅಂಗನವಾಡಿಯಲ್ಲಿ ಕನ್ನಡ, ಮಗುವಿಗೆ ಗೊಂದಲವಾಗಿದೆ ಎಂದು. ನಾನು ಕಿವಿಯೊಳಗೆ ನೋಡುತ್ತೇನೆ. ಮಧ್ಯಕಿವಿಯಲ್ಲಿ ದ್ರವ ನಿಲ್ಲುವುದು ಈ ಮಕ್ಕಳಲ್ಲಿ ಸಾಮಾನ್ಯ. ಶ್ರವಣ ಪರೀಕ್ಷೆ ಆಗದೆ ಭಾಷೆಗಳ ಮೇಲೆ ತಪ್ಪು ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಎತ್ತರದ ಪ್ರಶ್ನೆಗೆ ಉತ್ತರ ಚಿಕ್ಕದು. 2021ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಅನುಮೋದನೆ ಪಡೆದ ವೊಸೊರಿಟೈಡ್ ಎಂಬ, ದಿನವೂ ಚುಚ್ಚಬೇಕಾದ ಔಷಧಿಯಿಂದ ಬೆಳವಣಿಗೆ ವರ್ಷಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್ ಹೆಚ್ಚುವುದು ಪ್ರಯೋಗದಲ್ಲಿ ಕಂಡಿದೆ; ಬೆಲೆ ಮಾತ್ರ ನನ್ನಲ್ಲಿಗೆ ಬರುವ ಕುಟುಂಬಗಳ ಕೈಗೆ ಎಟಕುವಂಥದ್ದಲ್ಲ. ಎತ್ತರ ಹೆಚ್ಚಿಸುವ ಪುಡಿಗಳಿಗೆ ಸುರಿಯುವ ಹಣ ಪೂರಾ ವ್ಯರ್ಥ. ಗ್ರಹಣದ ಹೊತ್ತು ಬಸುರಿ ಹೊರಗೆ ಬಂದದ್ದೇ ಕಾರಣವೆಂಬ ಮಾತನ್ನಂತೂ ಅತ್ತೆಯ ಎದುರೇ ಅಲ್ಲಗಳೆಯುತ್ತೇನೆ, ಏಕೆಂದರೆ ಇಂಥ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳ ತಂದೆತಾಯಿ ಸಾಮಾನ್ಯ ಎತ್ತರದವರೇ, ವಂಶವಾಹಿಯ ಬದಲಾವಣೆ ಮಗುವಿನಲ್ಲಿ ಹೊಸದಾಗಿ ಆದದ್ದು. ಕುಬ್ಜತೆಯು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿರುವುದರಿಂದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸುತ್ತೇನೆ.

ಕೊನೆಗೆ ಲಸಿಕೆ ಕಾರ್ಡಿನ ಒಳಗೆ ಒಂದು ಚೀಟಿ ಅಂಟಿಸುತ್ತೇನೆ: ಅರಿವಳಿಕೆ ಕೊಡುವಾಗ ಕುತ್ತಿಗೆಯನ್ನು ಹಿಂದಕ್ಕೆ ಬಗ್ಗಿಸಬಾರದು ಎಂದು. ಗಡಿಯ ಈಚೆಗೂ ಆಚೆಗೂ ಆಸ್ಪತ್ರೆ ಬದಲಾಗುತ್ತಿರುವುದರಿಂದ ಅದನ್ನು ಇಂಗ್ಲಿಷ್, ಮಲಯಾಳ, ಕನ್ನಡ ಮೂರರಲ್ಲಿಯೂ ಬರೆದಿರುತ್ತೇನೆ.