ಅಮಿಗಾ 500, ಅಟಾರಿ ಎಸ್‌ಟಿ: ಡೆಸ್ಕ್‌ಟಾಪ್ ಹೊಂದಿಸುವಾಗ ನಾನು ಹಾಕುವ ಲೆಕ್ಕ

ಅಮಿಗಾ 500, ಅಟಾರಿ ಎಸ್‌ಟಿ ಎರಡೂ 1980ರ ದಶಕದ ಮನೆ ಕಂಪ್ಯೂಟರ್‌ಗಳು. ಅಮಿಗಾದ ಡೆಸ್ಕ್‌ಟಾಪ್ ವರ್ಕ್‌ಬೆಂಚ್; ಅದರ 1.3 ಆವೃತ್ತಿಯಲ್ಲಿ ನಾಲ್ಕೇ ಬಣ್ಣ. ಪ್ರಿಫರೆನ್ಸಸ್‌ನಲ್ಲಿ ಆ ನಾಲ್ಕನ್ನು ಬದಲಿಸಬಹುದು, ಐದನೆಯದು ಸಿಗದು. ಹೆಚ್ಚು ಬೇಕೆಂದರೆ ಯಂತ್ರವನ್ನು ಶುರು ಮಾಡುವ ಕಿಕ್‌ಸ್ಟಾರ್ಟ್ 3.1 ರೋಮ್ (ROM) ಚಿಪ್ ಜೊತೆ ವರ್ಕ್‌ಬೆಂಚ್ 3.1 ಹಾಕಿಕೊಳ್ಳುತ್ತೇನೆ. ಇಂದಿನ ಕಂಪ್ಯೂಟರ್‌ನಲ್ಲಿ ಅಮಿಗಾವನ್ನು ಅನುಕರಿಸುವ ಎಫ್‌ಎಸ್-ಯುಎಇ ಎಮ್ಯುಲೇಟರ್‌ನಲ್ಲಾದರೆ ಮಾಡೆಲ್ ಎ500 ಎಂದೇ ಇರಲಿ. ವೇಗದ ಮಾಡೆಲ್ ಆರಿಸಿದರೆ ಮುಂದೆ ಹೇಳುವ ತೊಂದರೆ ಕಣ್ಣಿಗೇ ಬೀಳುವುದಿಲ್ಲ.

ಪಾಲ್ ಟಿವಿ ಮಾನದಂಡದ ಪರದೆ 640×256 ಚುಕ್ಕೆ. ಪ್ರತಿ ಚುಕ್ಕೆಗೆ ಒಂದು ಬಿಟ್ ಇಡುವ ಪದರವೇ ಬಿಟ್‌ಪ್ಲೇನ್; ಒಂದಕ್ಕೆ 20,480 ಬೈಟ್. 4 ಬಣ್ಣಕ್ಕೆ ಎರಡು ಪ್ಲೇನ್, 8ಕ್ಕೆ ಮೂರು, 16ಕ್ಕೆ ನಾಲ್ಕು, ಅಂದರೆ 81,920 ಬೈಟ್. ಅಷ್ಟೂ ವಿಡಿಯೋ ಚಿಪ್‌ಗಳೂ ಬಳಸುವ ಮೆಮೊರಿಯಾದ 512 ಕೆಬಿ ಚಿಪ್ ರ್‍ಯಾಮ್‌ನಿಂದಲೇ ಹೋಗಬೇಕು. ಆದರೂ ಜಾಗಕ್ಕಿಂತ ವೇಗಕ್ಕೆ ಬೀಳುವ ಪೆಟ್ಟೇ ದೊಡ್ಡದು. ಹೈರೆಸ್‌ನಲ್ಲಿ (640 ಚುಕ್ಕೆ ಅಗಲದ ಪರದೆಯಲ್ಲಿ) ನಾಲ್ಕು ಪ್ಲೇನ್ ಇದ್ದರೆ ಗೆರೆ ಮೂಡುವಷ್ಟು ಹೊತ್ತು ಚಿಪ್ ಬಸ್ (ಆ ಮೆಮೊರಿಗೆ ಹೋಗುವ ದಾರಿ) ಪೂರ್ತಿ ವಿಡಿಯೋ ಪಾಲು. 68000 ಪ್ರೊಸೆಸರ್ ಗೆರೆಗಳ ನಡುವಿನ ಬಿಡುವಿಗಾಗಿ ಕಾಯುತ್ತದೆ. ವಿಂಡೋ ಎಳೆದರೆ ತೆವಳುತ್ತದೆ. ಯಂತ್ರದ ಅಡಿಯ ಟ್ರ್ಯಾಪ್‌ಡೋರ್ ಕಿಂಡಿಗೆ ಹಾಕುವ 512 ಕೆಬಿ ಮೆಮೊರಿ ಕಾರ್ಡ್ ಇದಕ್ಕೆ ಮದ್ದಲ್ಲ, ಅದೂ ಅದೇ ಬಸ್ ಮೇಲಿದೆ. ನಿಜವಾದ, ಅಂದರೆ ಆ ಬಸ್‌ನಿಂದ ಹೊರಗಿರುವ, ಫಾಸ್ಟ್ ರ್‍ಯಾಮ್ ಇಲ್ಲದ ಯಂತ್ರದಲ್ಲಿ ನಾನು 8 ಬಣ್ಣ ದಾಟುವುದಿಲ್ಲ.

3.1ರ ಸ್ಕ್ರೀನ್‌ಮೋಡ್ ಎಂಬ ಸೆಟ್ಟಿಂಗ್‌ನಲ್ಲಿ ಬಣ್ಣದ ಸಂಖ್ಯೆ ಆರಿಸಬೇಕು, ಪ್ಯಾಲೆಟ್‌ನಲ್ಲಿ ಬಣ್ಣ. ‘ಯೂಸ್’ ಒತ್ತಿದರೆ ಆಯ್ಕೆ ರ್‍ಯಾಮ್‌ನಲ್ಲಿರುವ ‘ಎನ್ವ್’ಗೆ ಹೋಗುತ್ತದೆ, ರೀಸೆಟ್ ಮಾಡಿದರೆ ಮಾಯ. ‘ಸೇವ್’ ಒತ್ತಿದರೆ ಡಿಸ್ಕ್‌ನ ‘ಎನ್ವಾರ್ಕ್’ನಲ್ಲೂ ಉಳಿಯುತ್ತದೆ. ಐಕಾನ್‌ಗಳ ಜಾಗಕ್ಕೆ ಮೆನುವಿನ ಸ್ನ್ಯಾಪ್‌ಶಾಟ್ ಬೇರೆಯಾಗಿ ಮಾಡಬೇಕು. ಜಾಗದ ಗುರುತು ಆಯಾ ಐಕಾನ್‌ನ ಇನ್‌ಫೋ ಫೈಲ್‌ನೊಳಗೇ ಇರುವುದರಿಂದ ಫ್ಲಾಪಿ ರೈಟ್-ಪ್ರೊಟೆಕ್ಟ್ ಆಗಿದ್ದರೆ ಅದು ಉಳಿಯದು.

1.3 ಕಾಲದ ಐಕಾನ್‌ಗಳು 3.1ರಲ್ಲಿ ಫೋಟೋ ನೆಗೆಟಿವ್‌ನಂತೆ ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ಐಕಾನ್‌ನಲ್ಲಿರುವುದು ಬಣ್ಣವಲ್ಲ, ಪೆನ್ ಸಂಖ್ಯೆ, ಅಂದರೆ ಪ್ಯಾಲೆಟ್‌ನಲ್ಲಿ ಎಷ್ಟನೆಯ ಬಣ್ಣ ಎಂಬುದು. 1.3ರಲ್ಲಿ ಪೆನ್ 1 ಬಿಳಿ, 2 ಕಪ್ಪು, 2.0ರಿಂದ ಅದು ತಿರುಗುಮುರುಗು. ಐಕಾನ್‌ಎಡಿಟ್‌ನಲ್ಲಿ ಎರಡನ್ನೂ ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಅಟಾರಿ ಎಸ್‌ಟಿಯ ಲೆಕ್ಕವೇ ಬೇರೆ. 320×200ರಲ್ಲಿ 16 ಬಣ್ಣ, 640×200ರಲ್ಲಿ 4, 640×400ರಲ್ಲಿ ಕಪ್ಪು-ಬಿಳುಪು. ಯಾವುದಾದರೂ ಪರದೆಗೆ ಸರಿಯಾಗಿ 32,000 ಬೈಟ್. ಬಣ್ಣ ಹೆಚ್ಚಿದರೆ ಸ್ಪಷ್ಟತೆ ಕುಗ್ಗುತ್ತದೆ, ವೇಗ ಕುಗ್ಗದು. ಅಕ್ಷರ ಓದುವ ಕೆಲಸಕ್ಕೆ 640×400ರ ಮೊನೊ ಪರದೆಯನ್ನು ಯಾವ ವರ್ಕ್‌ಬೆಂಚ್‌ಗೂ ನಾನು ಬಿಟ್ಟುಕೊಡಲಾರೆ.

ಇಲ್ಲಿ ಬದಲಿಸಬಹುದಾದದ್ದು ಕಡಿಮೆ. ಬಣ್ಣಕ್ಕೆ ಕಂಟ್ರೋಲ್ ಪ್ಯಾನೆಲ್ ಆಕ್ಸೆಸರಿ (ಬೂಟ್ ಆಗುವಾಗ ಮೆಮೊರಿಗೆ ಬರುವ ಕಿರು ಪ್ರೋಗ್ರಾಂ); ವಿಂಡೋ ಜಾಗ, ರೆಸಲ್ಯೂಶನ್‌ಗೆ ಆಪ್ಷನ್ಸ್ ಮೆನುವಿನ ‘ಸೇವ್ ಡೆಸ್ಕ್‌ಟಾಪ್’. ಅದು ಬರೆಯುವ ಡೆಸ್ಕ್‌ಟಾಪ್.ಐಎನ್‌ಎಫ್ ಬರೀ ಪಠ್ಯ ಫೈಲ್, ಬೂಟ್ ಆಗುವಾಗ ಮಾತ್ರ ಓದಲ್ಪಡುತ್ತದೆ. ಆಕ್ಸೆಸರಿಗಳು ಆರೇ ಹಿಡಿಸುತ್ತವೆ, ರೀಸೆಟ್‌ವರೆಗೆ ಮೆಮೊರಿ ಬಿಡುವುದಿಲ್ಲ. ಬೇಡದ್ದರ ಎಕ್ಸ್‌ಟೆನ್ಷನ್ ಎಸಿಸಿಯಿಂದ ಎಸಿಎಕ್ಸ್‌ಗೆ ಬದಲಿಸಿ ಬೂಟ್ ಮಾಡಿ. ಎಸ್‌ಟಿ ಎಮ್ಯುಲೇಟರ್ ಹಟಾರಿಯಲ್ಲಿ ಮೂಲ ಸಿಸ್ಟಂ ಬದಲು ಉಚಿತ ಎಮುಟಾಸ್ ಬಳಸುವವರು ಗಮನಿಸಿ: ಅದು ಓದುವುದು ಎಮುಡೆಸ್ಕ್.ಐಎನ್‌ಎಫ್. ಹಳೆಯ ಫೈಲ್ ತಿದ್ದಿದರೆ ಏನೂ ಬದಲಾಗದು.